ಚೊಚ್ಚಲ ಮಗುವಿನ ದಾಖಲೆ: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಕನ್ನಡ ಮನೆತನಗಳ ವಂಶಶೋಧ

ಸೊಲ್ಲಾಪುರ ಜಿಲ್ಲೆಯ ಹಳ್ಳಿಯೊಂದರ ಹಳೆಯ ಜನನ-ಮರಣ ರಜಿಸ್ಟರನ್ನು ತೆರೆದವರಿಗೆ ಮೊದಲು ಕಾಣುವುದು ಒಂದು ಕೊರತೆ. ಹುಟ್ಟಿದ ತಾರೀಖು, ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ ಎಂಬ ವಿವರ ಇವೆಲ್ಲ ಅಲ್ಲಿರುತ್ತವೆ. ಹುಟ್ಟಿದ ಮಗುವಿನ ಹೆಸರು ಮಾತ್ರ ಬಹುಮಟ್ಟಿಗೆ ಇರುವುದಿಲ್ಲ. ‘ಇಂಥವನಿಗೆ ಮಗ’, ‘ಇಂಥವನಿಗೆ ಮಗಳು’ ಎಂಬಲ್ಲಿಗೆ ನಮೂದು ಮುಗಿಯುತ್ತದೆ. ಮಹಾರಾಷ್ಟ್ರದ ಕಂದಾಯ ಕಚೇರಿಗಳಲ್ಲಿ ‘ಗಾವ್ ನಮುನಾ 14’ ಎಂದೂ ಜನರ ಬಾಯಲ್ಲಿ ‘ಕೋತವಾಲ ಬುಕ್’ ಎಂದೂ ಹೆಸರಾದ ಈ ಪುಸ್ತಕದ ಸ್ವಭಾವವೇ ಅಂಥದು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಊರ ಕೋತವಾಲ ಸುದ್ದಿ ತರುತ್ತಿದ್ದನು, ಪಾಟೀಲನ ಚಾವಡಿಯಲ್ಲಿ ಅದು ಬರಹಕ್ಕಿಳಿಯುತ್ತಿತ್ತು. ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ಹನ್ನೆರಡನೆಯ ಅಥವಾ ಹದಿಮೂರನೆಯ ದಿನ. ಬರೆಯುವ ಹೊತ್ತಿಗೆ ಹೆಸರೇ ಇರದಿದ್ದರೆ ಬರೆಯುವುದಾದರೂ ಏನನ್ನು? ಬಳಿಕ ಬಂದು ತುಂಬಿಸುವ ಅಗತ್ಯವೂ ಯಾರಿಗೂ ತೋರಲಿಲ್ಲ. ಕಾಲರಾ, ಪ್ಲೇಗುಗಳ ಆ ದಶಕಗಳಲ್ಲಿ ಸರಕಾರಕ್ಕೆ ಬೇಕಾಗಿದ್ದದ್ದು ಹುಟ್ಟು ಸಾವುಗಳ ಎಣಿಕೆ. ವ್ಯಕ್ತಿಯನ್ನು ಗುರುತಿಸುವ ಉದ್ದೇಶ ಆ ಪುಸ್ತಕಕ್ಕೆ ಇರಲೇ ಇಲ್ಲ.

ಎಣಿಕೆಗಾಗಿ ಹುಟ್ಟಿದ ಈ ಪುಸ್ತಕವೇ ಇಂದು ಗುರುತಿನ ಆಧಾರವಾಗಿ ನಿಂತಿದೆ. ಅಜ್ಜನ ಅಥವಾ ಮುತ್ತಜ್ಜನ ಜನನದ ಉತಾರವನ್ನು ಹುಡುಕಿಕೊಂಡು ತಹಸೀಲು ಕಚೇರಿಯ ರೆಕಾರ್ಡ್ ರೂಮಿಗೆ ಬರುವವರಲ್ಲಿ ವಂಶದ ಕುತೂಹಲದಿಂದ ಬರುವವರು ಕೆಲವರು, ಜಾತಿ ಪ್ರಮಾಣಪತ್ರದ ಸಿಂಧುತ್ವಕ್ಕಾಗಿ ಬರುವವರು ಹಲವರು. ಇಬ್ಬರಿಗೂ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಮನೆತನಗಳ ವಿಷಯದಲ್ಲಿ ಒಂದೇ ತೊಡಕು ಎದುರಾಗುತ್ತದೆ. ತಮ್ಮಂದಿರು ಸಿಗುತ್ತಾರೆ, ಹಿರಿಯ ಮಗ ಸಿಗುವುದಿಲ್ಲ. ಎರಡನೆಯವನ, ಮೂರನೆಯವನ ಜನನ ತಂದೆಯ ಊರಿನ ಪುಸ್ತಕದಲ್ಲಿ ಸರಿಯಾಗಿ ಕುಳಿತಿರುತ್ತದೆ. ಚೊಚ್ಚಲ ಮಗು ಆ ಊರಲ್ಲಿ ಹುಟ್ಟಿದ ಕುರುಹೇ ಇರುವುದಿಲ್ಲ.

ಕಾರಣ ಮನೆಮಂದಿಗೆಲ್ಲ ಗೊತ್ತಿರುವುದೇ. ಆದರೆ ದಾಖಲೆ ಹುಡುಕುವಾಗ ನೆನಪಾಗದು. ಚೊಚ್ಚಲ ಬಾಣಂತನ ತವರಿನಲ್ಲಿ ಆಗುತ್ತದೆ. ಜನನವನ್ನು ಬರೆಯುವುದು ಹುಟ್ಟಿದ ಊರಿನ ಪುಸ್ತಕದಲ್ಲಿ. ಮೈಂದರ್ಗಿ, ದುಧನಿ, ನಾಗಣಸೂರ, ತಡವಳ, ಕರಜಗಿ, ತೋಳನೂರುಗಳ ಮನೆತನಗಳು ಹೆಣ್ಣು ತಂದದ್ದು, ಕೊಟ್ಟದ್ದು ಇಂಡಿಯ ಕಡೆಗೆ, ಅಫಜಲಪುರದ ಕಡೆಗೆ, ಆಳಂದದ ಕಡೆಗೆ. ಭೀಮೆಯ ಆಚೆ ಈಚೆ ನಡೆದ ಈ ಬೀಗತನಕ್ಕೆ ಆಡಳಿತದ ಗಡಿ ಎಂದೂ ಅಡ್ಡಬಂದದ್ದಿಲ್ಲ. ಹೀಗಾಗಿ ಅಕ್ಕಲಕೋಟೆಯ ಮನೆಯ ಹಿರಿಯ ಮಗನ ಜನನ ಮತ್ತೊಂದು ಸರಕಾರದ ಪುಸ್ತಕದಲ್ಲಿ, ಎಷ್ಟೋ ಸಲ ಮತ್ತೊಂದು ಲಿಪಿಯಲ್ಲಿ ಉಳಿದಿದೆ. ಈ ಸೀಮೆಯ ವಂಶಶೋಧವನ್ನು ತಂದೆಯ ಊರಿನಿಂದಲ್ಲದೆ ತಾಯಿಯ ತವರಿನಿಂದ ಆರಂಭಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಈ ಮೂರು ದಿಕ್ಕುಗಳು 1948ರವರೆಗೆ ಮೂರು ಆಡಳಿತಗಳಾಗಿದ್ದವು. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ; ಸಾತಾರೆಯ ಅಧೀನದಲ್ಲಿದ್ದು, 1848ರಲ್ಲಿ ಸಾತಾರೆಯ ರಾಜ್ಯ ಬ್ರಿಟಿಷರ ವಶವಾದ ಮೇಲೆ ನೇರವಾಗಿ ಅವರ ಮಾಂಡಲಿಕವಾಯಿತು. ಪ್ರಜೆಗಳಲ್ಲಿ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿದ್ದರೂ ದಫ್ತರದ ಭಾಷೆ ಮರಾಠಿ. ಪೂರ್ವಕ್ಕೆ ಆಳಂದ, ಅಫಜಲಪುರಗಳು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ. ಅಲ್ಲಿ 1880ರ ದಶಕದಿಂದ ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತ್ತು. ದಕ್ಷಿಣಕ್ಕೆ ಇಂಡಿ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿ. ಅದಕ್ಕೂ ಹಿಂದೆ ಇಂಡಿ, ಹಿಪ್ಪರಗಿ, ಮುದ್ದೇಬಿಹಾಳಗಳು ಸೊಲ್ಲಾಪುರಕ್ಕೇ ಸೇರಿದ್ದವು. 1838ರಲ್ಲಿ ರೂಪುಗೊಂಡ ಆ ವಿಭಾಗ 1864ರಲ್ಲಿ ರದ್ದಾಗಿ, ಕೆಲವು ವರ್ಷಗಳ ಬಳಿಕ ಸೊಲ್ಲಾಪುರ ಜಿಲ್ಲೆ ಬೇರೆ ಆಕಾರದಲ್ಲಿ ಮತ್ತೆ ಹುಟ್ಟಿತು. ಜನನ ರಜಿಸ್ಟರುಗಳು ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಆದರೆ ಇನಾಮು, ವತನಗಳ ಕಾಗದದಲ್ಲಿ ಪೂರ್ವಜರನ್ನು ಹುಡುಕುವ ಇಂಡಿಯ ಮನೆತನ ಈ ಪಲ್ಲಟವನ್ನು ಮರೆಯುವಂತಿಲ್ಲ.

1948ರ ಮಾರ್ಚಿನಲ್ಲಿ ಅಕ್ಕಲಕೋಟೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಸೊಲ್ಲಾಪುರದಿಂದ ನಳದುರ್ಗದ ದಾರಿಯಾಗಿ ಹೈದರಾಬಾದಿನತ್ತ ಹೊರಟಿತು. ಎಂಟು ವರ್ಷಗಳ ಮಟ್ಟಿಗೆ ಅಕ್ಕಲಕೋಟೆ ಮತ್ತು ಇಂಡಿ ಒಂದೇ ಮುಂಬಯಿ ರಾಜ್ಯದ ಎರಡು ತಾಲ್ಲೂಕುಗಳು. 1956ರ ನವೆಂಬರ್ 1ರಂದು ಬಿಜಾಪುರ, ಕಲಬುರಗಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅಕ್ಕಲಕೋಟೆ ಮುಂಬಯಿಯಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. ಅಕ್ಕಲಕೋಟೆ ತಾಲ್ಲೂಕು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಯಾಗಲಿಲ್ಲ. ಗಡಿವಾದದ ಚರಿತ್ರೆ ಬರೆಯುವವರು ಭೂಮಿಯ, ಹಳ್ಳಿಗಳ, ಮತಗಳ ಲೆಕ್ಕ ಕೊಡುತ್ತಾರೆ. ಒಬ್ಬ ತಾಯಿಯ ಮೊದಲ ಮಗುವಿನ ಜನನದ ಉತಾರ ಒಂದು ರಾಜ್ಯದಲ್ಲಿ, ಉಳಿದ ಮಕ್ಕಳದು ಇನ್ನೊಂದರಲ್ಲಿ ಉಳಿದುಹೋದ ಸಂಗತಿ ಆ ಲೆಕ್ಕದಲ್ಲಿ ಬಂದಿಲ್ಲ.

ಲಿಪಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಸೊಲ್ಲಾಪುರದ ಹಳೆಯ ಪುಸ್ತಕಗಳು ಮೋಡಿ ಲಿಪಿಯಲ್ಲಿವೆ. ಮೋಡಿಯಲ್ಲಿ ಇಕಾರ ಉಕಾರಗಳ ಹ್ರಸ್ವ ದೀರ್ಘ ಭೇದವಿಲ್ಲ. ಪದಗಳ ನಡುವೆ ಬಿಡುವೂ ಇಲ್ಲ. ಮರಾಠಿಯ ಬರವಣಿಗೆಯಲ್ಲಿ ಕನ್ನಡದ ಹ್ರಸ್ವ ಎಕಾರ ಒಕಾರಗಳಿಗೆ ಬೇರೆ ಗುರುತಿಲ್ಲ. ಎಲ್ಲಪ್ಪ ಅಲ್ಲಿ ಯಲ್ಲಪ್ಪಾ ಆಗುತ್ತಾನೆ, ಚೆನ್ನಪ್ಪ ಚನ್ನಪ್ಪಾ ಆಗುತ್ತಾನೆ. ಇಷ್ಟಕ್ಕೆ ಗುರುತು ಕೆಡುವುದಿಲ್ಲ. ಕೆಡುವುದು ಗಂಗವ್ವ ಗಂಗಾಬಾಯಿಯಾದಾಗ, ಮೈಂದರ್ಗಿಯ ಮನೆತನ ಸೊಲ್ಲಾಪುರದಲ್ಲಿ ಮೈಂದರ್ಗಿಕರ ಎಂದಾಗ. ಅದೇ ಮನೆತನದ ಒಬ್ಬ ಇಂಡಿಯ ಪುಸ್ತಕದಲ್ಲಿ ‘ಕರ’ ಇಲ್ಲದೆ ಬರಿಯ ಮೈಂದರ್ಗಿ ಎಂದು ಬಂದರೆ, ಇಬ್ಬರೂ ಒಂದೇ ರಕ್ತವೆಂದು ಅಧಿಕಾರಿಗೆ ಒಪ್ಪಿಸಲು ಮತ್ತೊಂದು ಕಾಗದ ಬೇಕಾಗುತ್ತದೆ. ಆಳಂದದ ಕಡೆಯ ಉರ್ದು ಕಾಗದದಲ್ಲಿ ಳಕಾರ ಣಕಾರಗಳು ಲಕಾರ ನಕಾರಗಳಲ್ಲಿ ಕರಗುತ್ತವೆ, ಹ್ರಸ್ವ ಸ್ವರಗಳು ಬರಹದಲ್ಲಿ ಕಾಣಿಸುವುದೇ ಇಲ್ಲ. ಹೆಸರು ಯಾವುದೆಂದು ಓದುವವನು ತಡವರಿಸಬೇಕಾಗುತ್ತದೆ. ತಾರೀಖಿನ ಗೊಂದಲ ಬೇರೆ. ನಿಜಾಮರ ದಫ್ತರದ ಫಸಲಿ ವರ್ಷಕ್ಕೆ ಸುಮಾರು 590 ಕೂಡಿಸಿದರೆ ಇಸವಿ ಸಿಗುತ್ತದೆ. ಮನೆಯ ಜಾತಕದ ಶಕ ವರ್ಷಕ್ಕೆ 78. ಫಸಲಿ 1340 ಎಂಬುದನ್ನು ಹಿಜರಿ ಎಂದು ತಿಳಿದು ಎಣಿಸಿದವನು ಅಜ್ಜನನ್ನು ಒಂಬತ್ತು ವರ್ಷ ಹಿರಿಯನನ್ನಾಗಿಸುತ್ತಾನೆ.

ಪರದೇಶದಿಂದ ದಾಖಲೆ ತರಿಸುವ ವಿದ್ಯೆಯಲ್ಲಿ ಹೆಚ್ಚು ಪಳಗಿದವರು ಬಹುಶಃ ಐರ್ಲೆಂಡಿನಿಂದ ವಲಸೆ ಹೋದವರ ಸಂತತಿ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಸಿದವರು ಐರ್ಲೆಂಡಿನ ಜನನ ದಾಖಲೆಯ ಪ್ರತಿಗಾಗಿ ಅರ್ಜಿ ಹಾಕುವುದು ತಲೆಮಾರುಗಳ ರೂಢಿ. ಅಲ್ಲಿ ಎಲ್ಲರ ಜನನ ನೋಂದಣಿ 1864ರಲ್ಲಿ ಮೊದಲಾಯಿತು. 1921ರ ಕೊನೆಯವರೆಗಿನ ಇಡೀ ದ್ವೀಪದ ದಾಖಲೆಗಳ ಪ್ರತಿ ಇಂದು ರೋಸ್ಕಾಮನ್ನಿನ ಮಹಾ ನೋಂದಣಿ ಕಚೇರಿಯ ವಶದಲ್ಲಿದೆ. ದೇಶ ವಿಭಜನೆಯ ಬಳಿಕ ಉತ್ತರದ ಆರು ಕೌಂಟಿಗಳ ನೋಂದಣಿ ಬೆಲ್‌ಫಾಸ್ಟಿನ ಕೈಗೆ ಹೋಯಿತು. ಗಡಿ ಬಿದ್ದರೂ ಗಡಿಗಿಂತ ಹಿಂದಿನ ಪುಸ್ತಕ ಒಂದೆಡೆ ಒಟ್ಟಾಗಿ ಸಿಗುವಂತೆ ಉಳಿಯಿತು ಎಂಬುದು ಗಮನಿಸತಕ್ಕ ಮಾತು. ನೂರು ವರ್ಷ ದಾಟಿದ ಜನನ ನಮೂದುಗಳ ಚಿತ್ರಗಳನ್ನು ಅಲ್ಲಿಯ ಸರಕಾರ ಅಂತರಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

ಆ ನಮೂದಿನಲ್ಲಿ ತಾಯಿಯ ತವರು ಮನೆಯ ಅಡ್ಡಹೆಸರಿಗೆ ಜಾಗವಿದೆ. ಒಂದು ಪ್ರತಿ ಕೈಗೆ ಬಂದರೆ ತಾಯಿಯ ಕಡೆಯ ಶೋಧಕ್ಕೂ ದಾರಿ ತೆರೆಯುತ್ತದೆ. ಸೊಲ್ಲಾಪುರದ ಪುಸ್ತಕದಲ್ಲಿ ತಾಯಿಯ ಹೆಸರೇ ಎಷ್ಟೋ ಪುಟಗಳಲ್ಲಿ ಸಿಗದು. ತವರಿನ ಮಾತು ದೂರ ಉಳಿಯಿತು. ಭಾಷೆಯ ವಿಷಯದಲ್ಲಿ ಐರ್ಲೆಂಡಿನ ರಜಿಸ್ಟರೂ ನಿರ್ದಯವೇ. ಮನೆಯಲ್ಲಿ ಐರಿಷ್ ಆಡುವ ತಾಯ್ತಂದೆಯರ ಮಗುವಿನ ಹೆಸರು ಇಂಗ್ಲಿಷಿನಲ್ಲಿಯೇ ದಾಖಲಾಗುತ್ತಿತ್ತು. ಕಮ್ಮಾರನ ಮಗನೆಂಬ ಅರ್ಥದ ‘ಮ್ಯಾಕ್ ಗವನ್’ ಮನೆತನದ ಕೆಲವರು ಅನುವಾದಗೊಂಡು ‘ಸ್ಮಿತ್’ ಎಂದಾದರು. ಆದರೂ 1901 ಮತ್ತು 1911ರ ಜನಗಣತಿಯ ಮನೆಪಟ್ಟಿಗಳು ಅಲ್ಲಿ ಉಳಿದುಕೊಂಡಿವೆ. ಡಬ್ಲಿನ್ನಿನ ದಾಖಲೆ ಭಂಡಾರ 1922ರಲ್ಲಿ ಬೆಂಕಿಗೆ ಆಹುತಿಯಾಗಿ ಅದಕ್ಕೂ ಹಿಂದಿನ ಹಲವು ಗಣತಿಗಳು ನಾಶವಾದ ಮೇಲೂ ಉಳಿದ ಈ ಎರಡರಲ್ಲಿ ಪ್ರತಿಯೊಬ್ಬರಿಗೆ ಐರಿಷ್ ಬರುತ್ತಿತ್ತೇ ಎಂಬ ಅಂಕಣವಿದೆ. ಮುತ್ತಜ್ಜಿ ಯಾವ ಭಾಷೆ ಆಡುತ್ತಿದ್ದಳೆಂದು ಬಾಸ್ಟನ್ನಿನ ಮರಿಮಗಳು ಕುಳಿತಲ್ಲೇ ನೋಡಬಲ್ಲಳು. ಭಾರತದ ಜನಗಣತಿ 1881ರಿಂದ ಮಾತೃಭಾಷೆಯನ್ನು ಕೇಳುತ್ತಾ ಬಂದಿದೆ. ಉಳಿದಿರುವುದು ಮೊತ್ತಗಳ ಕೋಷ್ಟಕ ಮಾತ್ರ. ಅಕ್ಕಲಕೋಟೆಯಲ್ಲಿ ಎಷ್ಟು ಕನ್ನಡಿಗರಿದ್ದರೆಂದು ಹೇಳಬಹುದು, ಯಾರು ಎಂದು ಆ ಕೋಷ್ಟಕ ಹೇಳಲಾರದು.

ಇದೇ ನೆಲದಲ್ಲಿ ಒಂದು ವಿಚಿತ್ರ ವೈದೃಶ್ಯವೂ ಇದೆ. ಮುಂಬಯಿ ಪ್ರಾಂತದ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ನೋಂದಣಿಯ ಪ್ರತಿ ಲಂಡನ್ನಿಗೆ ಹೋಗುತ್ತಿತ್ತು. ಇಂದು ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಸೂಚಿ ಸಮೇತ ಇವೆ. ಸೊಲ್ಲಾಪುರದ ದಂಡಿನಲ್ಲಿದ್ದ ಐರಿಷ್ ಸಿಪಾಯಿಯ ಮಗುವಿಗೆ ದೀಕ್ಷಾಸ್ನಾನವಾಗಿದ್ದರೆ ಅದರ ವಂಶಜರು ಅದನ್ನು ಲಂಡನ್ನಿನಲ್ಲಿ ಹುಡುಕಬಹುದು. ಅದೇ ವರ್ಷ ಮೂರು ಗಾವುದ ದೂರದಲ್ಲಿ ಹುಟ್ಟಿದ ಕನ್ನಡ ಮಗುವಿನ ಪ್ರತಿ ಎಲ್ಲಿಗೂ ಹೋಗಲಿಲ್ಲ. ಕೋತವಾಲನ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಕಥೆ ಅಲ್ಲಿಗೇ ಮುಗಿಯಿತು. ಸ್ಥಳೀಯರಲ್ಲಿ ಸರಕಾರ ಎಚ್ಚರದಿಂದ ಒಬ್ಬೊಬ್ಬರ ಹೆಸರು ಹಿಡಿದು ಬರೆದಿಟ್ಟದ್ದು ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚಿದವರನ್ನು. ಸೊಲ್ಲಾಪುರದ ಮುಳ್ಳುತಂತಿಯ ಸೆಟ್ಲ್‌ಮೆಂಟಿನಲ್ಲಿ ಕೂಡಿಹಾಕಿದವರಿಗೂ, ಬಿಜಾಪುರ, ಗದಗ, ಹುಬ್ಬಳ್ಳಿಯ ಸೆಟ್ಲ್‌ಮೆಂಟುಗಳವರಿಗೂ ಹಾಜರಿ ಇತ್ತು, ನೋಂದಣಿ ಇತ್ತು, 1911ರ ಕಾಯ್ದೆಯಂತೆ ಬೆರಳಚ್ಚೂ ಇತ್ತು. ಆ ಕಾಯ್ದೆ ದೇಶದಲ್ಲೆಲ್ಲ ರದ್ದಾದದ್ದು 1952ರಲ್ಲಿ. ಅವಮಾನದ ಆ ಕಡತ ಇಂದು ಮೊಮ್ಮಕ್ಕಳಿಗೆ ಪೂರ್ವಜರ ಏಕೈಕ ಲಿಖಿತ ಗುರುತಾಗಿರಬಹುದೆಂಬುದು ಚರಿತ್ರೆಯ ಕ್ರೂರ ವ್ಯಂಗ್ಯ.

ಇಷ್ಟೆಲ್ಲ ಪರದಾಟ ಏಕೆ ಎಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. ಮಹಾರಾಷ್ಟ್ರದಲ್ಲಿ ಮೀಸಲಾತಿಯ ಸೌಲಭ್ಯಕ್ಕೆ ಜಾತಿ ಪ್ರಮಾಣಪತ್ರವೊಂದೇ ಸಾಲದು. 2000ದ ಕಾಯ್ದೆಯಂತೆ ಪರಿಶೀಲನಾ ಸಮಿತಿಯಿಂದ ಸಿಂಧುತ್ವವೂ ಬೇಕು. ಪರಿಶಿಷ್ಟ ಜಾತಿಯವರು 1950ಕ್ಕೆ, ವಿಮುಕ್ತ ಮತ್ತು ಅಲೆಮಾರಿ ಜಾತಿಯವರು 1961ಕ್ಕೆ, ಇತರ ಹಿಂದುಳಿದ ವರ್ಗದವರು 1967ಕ್ಕೆ ಮೊದಲು ತಮ್ಮ ಮನೆತನ ಆ ರಾಜ್ಯದಲ್ಲಿ ವಾಸವಾಗಿತ್ತೆಂದು ತೋರಿಸಬೇಕಾಗುತ್ತದೆ. ಸ್ವಾತಂತ್ರ್ಯಪೂರ್ವದ ದಾಖಲೆಗೆ ಹೆಚ್ಚಿನ ಸಾಕ್ಷ್ಯಮೌಲ್ಯವಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಕೋತವಾಲನ ಒಂದು ಸಾಲಿನ ಬೆಲೆ ಏರಿತು. ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ವಲಸೆಯಿಂದ ಇನ್ನೊಂದು ರಾಜ್ಯಕ್ಕೆ ಸಾಗುವುದಿಲ್ಲವೆಂದು ಅದೇ ನ್ಯಾಯಾಲಯ 1990ರಲ್ಲಿ ತೀರ್ಮಾನಿಸಿತ್ತು. ಈ ಎರಡು ಮಾತುಗಳ ನಡುವೆ ಸಿಕ್ಕಿಬೀಳುವವನೇ ತವರಿನಲ್ಲಿ ಹುಟ್ಟಿದ ಹಿರಿಯ ಮಗ. ಅವನ ಜನನದ ಉತಾರ ಇಂಡಿಯದು. ಎಂದಮೇಲೆ ಅವನು ಹೊರಗಿನಿಂದ ಬಂದವನೇ? ಅವನ ತಂದೆ ಹುಟ್ಟಿ ಸತ್ತದ್ದು ಅಕ್ಕಲಕೋಟೆಯಲ್ಲಿ ಎಂದು ತೋರಿಸಲು ತಮ್ಮಂದಿರ ನಮೂದು, ಹೊಲದ ಉತಾರ, ತಂದೆಯ ಮರಣದ ದಾಖಲೆ ಇವನ್ನು ಜೋಡಿಸಬೇಕಾಗುತ್ತದೆ. ಬಾಣಂತನದ ಪದ್ಧತಿಯನ್ನು ವಲಸೆಯೆಂದು ಓದುವ ಅಪಾಯ ಇಲ್ಲಿದೆ. ಜಾತಿಯ ಅಂಕಣದಲ್ಲಿ ಬರಿಯ ‘ಲಿಂಗಾಯತ’ ಎಂದು ಬರೆದು ಒಳಪಂಗಡ ಬಿಟ್ಟುಹೋದ ನಮೂದುಗಳ ತೊಂದರೆ ಅದರ ಮೇಲಿನದು.

2023ರಲ್ಲಿ ಮಹಾರಾಷ್ಟ್ರ ಸರಕಾರ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂದೆ ಅವರ ಸಮಿತಿಯನ್ನು ನೇಮಿಸಿದಾಗ ರೆಕಾರ್ಡ್ ರೂಮುಗಳ ಗಂಟುಗಳು ಒಮ್ಮೆಲೇ ಬಿಚ್ಚಿಕೊಂಡವು. ಮೋಡಿ, ಉರ್ದು ಓದಬಲ್ಲವರಿಗೆ ಬೇಡಿಕೆ ಬಂತು. ಆ ಶೋಧದ ಗುರಿ ‘ಕುಣಬಿ’ ಎಂಬ ಒಂದು ಪದ. ಅದೇ ಪುಟಗಳಲ್ಲಿ ಕನ್ನಡ ಹೆಸರುಗಳೂ ಸಾಲುಗಟ್ಟಿವೆ. ಅವನ್ನು ಕನ್ನಡ ಬಲ್ಲ ಕಣ್ಣಿನಿಂದ ಓದಿ ಸೂಚಿ ಮಾಡುವ ಕೆಲಸವನ್ನು ಯಾವುದಾದರೂ ವಿದ್ಯಾಸಂಸ್ಥೆ ಕೈಗೆತ್ತಿಕೊಳ್ಳುವುದಾದರೆ ಇದಕ್ಕಿಂತ ಒಳ್ಳೆಯ ಹೊತ್ತು ಬಾರದು.

ಸದ್ಯಕ್ಕೆ ತವರಿನ ಕಡೆಯ ದಾಖಲೆ ಬೇಕಾದವರು ಹಿಡಿಯಬೇಕಾದ ದಾರಿ ಹೀಗಿದೆ. 1970ರ ಏಪ್ರಿಲಿನಿಂದ ಜಾರಿಗೆ ಬಂದ ಜನನ ಮರಣ ನೋಂದಣಿ ಕಾಯ್ದೆಯಡಿ ಯಾರೂ ಶುಲ್ಕ ಕಟ್ಟಿ ಪುಸ್ತಕದ ಶೋಧ ನಡೆಸಬೇಕೆಂದು ಕೇಳಬಹುದು, ಜನನದ ನಮೂದಿನ ಉತಾರವನ್ನೂ ಪಡೆಯಬಹುದು. ಅದಕ್ಕೂ ಹಿಂದಿನ ಪುಸ್ತಕಗಳಿಗಾಗಿ ತಹಸೀಲು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಮಗುವಿನ ಹೆಸರು ಬರೆದು ಸುಮ್ಮನಾಗುವುದು ಸಾಮಾನ್ಯ ತಪ್ಪು. ಹೆಸರಿಲ್ಲದ ಪುಸ್ತಕದಲ್ಲಿ ಆ ಹೆಸರು ಹೇಗೆ ಸಿಕ್ಕೀತು? ತಂದೆಯ ಹೆಸರು, ಅದರ ಜೊತೆಗೇ ತಾಯಿಯ ತಂದೆಯ ಹೆಸರು, ಊರು, ಮುಂಚಿನ ಹಿಂದಿನ ಎರಡು ವರ್ಷ ಸೇರಿಸಿದ ಕಾಲಾವಧಿ ಇರಬೇಕು. ತವರೂರಿನ ಬರಹಗಾರನಿಗೆ ಅಳಿಯನಿಗಿಂತ ಮಾವ ಚೆನ್ನಾಗಿ ಗೊತ್ತು. ಸಿಗದಿದ್ದರೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನಾದರೂ ಕೇಳಿ ಪಡೆಯುವುದು ಲೇಸು.

ಸರಕಾರಿ ಪುಸ್ತಕದ ಹೊರಗೆ ಎರಡು ಆಕರಗಳುಂಟು. ಒಂದು ಹೆಳವರದು. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತಾ ಬರುತ್ತಿದ್ದ ಹೆಳವನು ಮನೆಯ ಮುಂದೆ ನಿಂತು ಮೂಲಸ್ಥಳ, ಬೆಡಗು, ತಲೆಮಾರುಗಳನ್ನು ಕನ್ನಡದಲ್ಲಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವನು. ಅವನು ಬರೆಯುವುದು ಮನೆತನವನ್ನು ಹಿಡಿದು. ಹುಟ್ಟಿದ ಊರನ್ನು ಹಿಡಿದಲ್ಲ. ಆದ್ದರಿಂದ ಇಂಡಿಯಲ್ಲಿ ಹುಟ್ಟಿದ ಚೊಚ್ಚಲ ಮಗ ಅವನ ಪುಸ್ತಕದಲ್ಲಿ ತಮ್ಮಂದಿರ ಪಕ್ಕದಲ್ಲೇ ಕುಳಿತಿರುತ್ತಾನೆ. ಸರಕಾರದ ಪುಸ್ತಕಕ್ಕೆ ಆಗದ ಕೆಲಸ ಇದು. ಆದರೆ ತಾರೀಖು ಅವನಿಗೆ ಮುಖ್ಯವಲ್ಲ. ಗಂಡುಸಂತತಿಯ ಸಾಲೇ ಅವನ ಬೆನ್ನೆಲುಬು.

ಇನ್ನೊಂದು ಕನ್ನಡ ಶಾಲೆಯ ರಜಿಸ್ಟರು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಎಷ್ಟೋ ಮಂದಿಯ ಸ್ವಂತ ಹೆಸರು ಮೊದಲ ಸಲ ಕಾಗದದ ಮೇಲೆ ಬಂದದ್ದು ಇಲ್ಲಿ, ಕನ್ನಡ ಶಾಲೆಗೆ ಸೇರಿದ ದಿನ. ತಾರೀಖನ್ನು ನಂಬುವಂತಿಲ್ಲ. ಹೆಡ್‌ಮಾಸ್ತರರು ವಯಸ್ಸನ್ನು ಅಂದಾಜಿಸಿ ಜೂನ್ 1 ಎಂದು ಬರೆದುಬಿಡುತ್ತಿದ್ದರು; ಆ ತಲೆಮಾರಿನ ಹಿರಿಯರು ಊರಿಗೆ ಊರೇ ಒಂದೇ ದಿನ ಹುಟ್ಟಿದವರು. ಹೆಸರು ಮಾತ್ರ ಅಪ್ಪ, ಅವ್ವ ಕರೆದಂತೆಯೇ ಇರುತ್ತದೆ: ಎಲ್ಲಪ್ಪ ಎಲ್ಲಪ್ಪನೇ, ಗಂಗವ್ವ ಗಂಗವ್ವಳೇ. ಜಾತಿ, ಹುಟ್ಟಿದ ಊರು ಅಲ್ಲಿಯೇ ಸಿಗುವುದುಂಟು. ‘ಹುಟ್ಟಿದ ಊರು’ ಎಂಬ ಆ ಅಂಕಣದಲ್ಲಿ ತವರೂರಿನ ಹೆಸರು ಕಂಡರೆ ಯಾವ ತಹಸೀಲಿಗೆ ಅರ್ಜಿ ಹಾಕಬೇಕೆಂಬುದು ಆ ಕ್ಷಣಕ್ಕೆ ತಿಳಿಯುತ್ತದೆ. ಪರಿಶೀಲನಾ ಸಮಿತಿಗಳು ಈ ರಜಿಸ್ಟರಿನ ಪ್ರವೇಶ-ನಿರ್ಗಮ ಉತಾರವನ್ನು ಕೇಳುತ್ತವೆ. ಕನ್ನಡ ನಮೂದಿಗೆ ಮರಾಠಿ ಅನುವಾದ ಲಗತ್ತಿಸಬೇಕಾಗಿ ಬರುತ್ತದೆ, ಆ ಅನುವಾದದಲ್ಲಿ ಗಂಗವ್ವ ಮತ್ತೆ ಗಂಗಾಬಾಯಿಯಾಗದಂತೆ ನೋಡಿಕೊಳ್ಳಬೇಕಾಗುತ್ತದೆ. ಮಕ್ಕಳ ಸಂಖ್ಯೆ ಇಳಿದು ಕನ್ನಡ ಶಾಲೆಯೊಂದು ಮುಚ್ಚಿದಾಗ ಬೆಂಚು, ಕಪಾಟುಗಳ ಯಾದಿ ತಪ್ಪದೆ ತಯಾರಾಗುತ್ತದೆ. ಆ ಯಾದಿಯಲ್ಲಿ ಮೊದಲ ಸಾಲಿಗೆ ಬರಬೇಕಾದ್ದು ಕಪಾಟಿನೊಳಗಿನ ಹಳೆಯ ದಾಖಲಾತಿ ರಜಿಸ್ಟರು, ಅದನ್ನು ಯಾವ ಶಾಲೆಯ ವಶಕ್ಕೆ ಕೊಡಲಾಯಿತು ಎಂಬ ಸಹಿಯ ಸಮೇತ.